ಮಂಚದ ಕೆಳಗಿನ ವೂಫರ್

ಇವತ್ತು ಮಧ್ಯಾಹ್ನ ರೂಮ್‌ಮೇಟ್ ತನ್ನ ಸ್ಪೀಕರ್‌ಗೆ ಹೊಸ ಸಬ್‌ವೂಫರ್ ಜೋಡಿಸಿದ. ನಾಳೆ ಟೆಸ್ಟ್, ತಲೆಗೆ ಏನೂ ಹತ್ತುತ್ತಿಲ್ಲ. ಪಣಜಿಯ ಈ ಹಾಸ್ಟೆಲ್‌ಗೆ ಬಂದಾಗಿನಿಂದ ನಿದ್ದೆಯೂ ಸರಿಯಿಲ್ಲ. ಬೈಯೋಣವೆಂದು ಎದ್ದೆ. ಕಬ್ಬಿಣದ ಮಂಚ ಕೈಯಡಿ ಸಣ್ಣಗೆ ನಡುಗುತ್ತಿತ್ತು. ಹಾಗೇ ಕೂತುಬಿಟ್ಟೆ.

ಇದೇ ಗೋವಾದ ಕುಡಚಡೆಯಲ್ಲಿ ಅಪ್ಪ ಗಣಿಯ ಅದಿರಿನ ಲಾರಿ ಓಡಿಸುತ್ತಿದ್ದ. ಗಣಿ ನಿಂತಾಗ ಲಾರಿಯೂ ನಿಂತಿತು. ನಾನು ಬೋರ್ಡಿಂಗ್ ಶಾಲೆಯಿಂದ ರಜೆಗೆ ಬಂದರೆ ಅಪ್ಪನ ಕಣ್ಣುಗಳು ಕೆಂಪಗಿದ್ದವು. ಲೋಡಿಂಗ್ ಸಾಲಿನಲ್ಲಿ ಇಂಜಿನ್ ಚಾಲೂ ಇಟ್ಟೇ ಸೀಟಿನಲ್ಲಿ ಮಲಗಿ ರೂಢಿಯಾದವನಿಗೆ ಅಲುಗಾಡದ ಮಂಚದ ಮೇಲೆ ನಿದ್ದೆ ಹತ್ತುತ್ತಿರಲಿಲ್ಲ.

ಒಂದು ದಿನ ಎಲ್ಲಿಂದಲೋ ಹಳೆಯ ವೂಫರ್ ತಂದು ಮನೆಯ ಸ್ಟೀರಿಯೊಗೆ ಜೋಡಿಸಿ, ಮಂಚದ ಕೆಳಗೆ ತಳ್ಳಿದ. ಹಾಡಿನ ದನಿ ಇಳಿಸಿ ಬೇಸ್ ಪೂರ್ತಿ ತಿರುಗಿಸಿದ. ಅಡುಗೆಮನೆಯ ತಾಟುಗಳೆಲ್ಲ ಗಿಲಗಿಲ ಎಂದವು.

“ಏನ್ರೀ, ಲಾರಿ ಮನಿಯೊಳಗ ತಂದು ನಿಲ್ಲಿಸೀರೇನು?” ಅವ್ವ ರೊಟ್ಟಿ ಹಿಟ್ಟಿನ ಕೈಯಲ್ಲೇ ಬಂದಳು.

“ಹೂಂ. ನೀನ ಕ್ಲೀನರ್. ಬಾ, ಹತ್ತು.”

ಎರಡನೇ ಹಾಡಿಗೆ ಅಪ್ಪ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಬಂದ್ ಮಾಡಲು ಹೋದ ನನ್ನ ಕೈ ಹಿಡಿದು ಅವ್ವ ಪಿಸುಗುಟ್ಟಿದಳು: “ಇರಲಿ ಬಿಡೋ. ಭಾಳ ದಿನದ ಮ್ಯಾಲ ಮಲಗ್ಯಾರ.”

“ಬಂದ್ ಕರೂಂ?” ಸಬ್‌ವೂಫರ್‌ನ ಸ್ವಿಚ್ ಮೇಲೆ ಕೈಯಿಟ್ಟು ರೂಮ್‌ಮೇಟ್ ಕೇಳಿದ. ಬೇಡವೆಂದು ತಲೆಯಲ್ಲಾಡಿಸಿ, ಪುಸ್ತಕ ಮುಚ್ಚಿ ಅಡ್ಡಾದೆ.

ಎದ್ದಾಗ ಸಂಜೆಯಾಗಿತ್ತು, ಅಪ್ಪನ ಫೋನ್ ಬರುತ್ತಿತ್ತು. “ನಿದ್ದಿ ಮಾಡ್ತಿ ಇಲ್ಲೋ?” ದಿನವೂ ಅದನ್ನೇ ಕೇಳುತ್ತಾನೆ, ದಿನವೂ “ಹೂಂ” ಎಂದು ಸುಳ್ಳು ಹೇಳುತ್ತೇನೆ.

“ಈಗ ಎದ್ನಿ ಅಪ್ಪಾ,” ಎಂದೆ.