ಅಳಿಯಂದಿರ ತೆಳು ಎಣ್ಣೆ

ಆ ಕೆಂಪು ಕಾರಿಗೆ ಟಿಪ್ಪರ್ ಎಣ್ಣೆ ಸುರಿದವಳು ನಾನು. ಡಬ್ಬಿ ತಪ್ಪಿ ಅಲ್ಲ, ಅಳಿಯಂದಿರೇ — ತಿಳಿದೇ ಸುರಿದೆ. ಇಂಗ್ಲಿಷ್ ಬಾರದ ಮುದುಕಿ, ಕೈತಪ್ಪಾಯಿತು ಎಂದು ನೀವು ಇಷ್ಟು ವರ್ಷ ನಂಬಿದ್ದೀರಿ. ಅದು ಸುಳ್ಳು. ನಾನೇ ಹೇಳಿದ ಸುಳ್ಳು.

ಗೋವೆಯ ಮೋತಿ ಡೊಂಗರ್ ಗುಡ್ಡದ ನಮ್ಮ ಮನೆಗೆ ಹತ್ತಿದ ತಗಡಿನ ಶೆಡ್ಡಿನಲ್ಲಿ ನೀವೂ ನನ್ನ ಮಗ ಬಸುವೂ ಗ್ಯಾರೇಜು ನಡೆಸುತ್ತಿದ್ದಿರಿ. ಅದಿರಿನ ಟಿಪ್ಪರ್‌ಗಳು ಬಸುವಿನ ಪಾಲು, ಕಾರುಗಳು ನಿಮ್ಮ ಪಾಲು. ಮಡಗಾಂವದ ಒಬ್ಬ ಸಿರಿವಂತರ ಹುಡುಗ ತನ್ನ ಕೆಂಪು ಕಾರನ್ನು ಘಾಟಿನ ರೇಸಿಗೆ ಒಯ್ಯುತ್ತಿದ್ದ. ನಾವೆಲ್ಲ ಅವನಿಗೆ ಬಾಬ ಎನ್ನುತ್ತಿದ್ದೆವು. ಇಂಜಿನ್ನು ಕಿರುಚಿದರೆ ನನ್ನ ಒಲೆಯ ಮೇಲಿನ ಹಂಚು ನಡುಗುತ್ತಿತ್ತು. ಅದಕ್ಕೆ ಯಾವ ಎಣ್ಣೆ ಎಂದು ಊಟಕ್ಕೆ ಕೂತಾಗ ನಿಮ್ಮಿಬ್ಬರಿಗೆ ಜಗಳ.

“ಈ ಬಿಸಲಾಗ ಹಂಗ ಹೊಡಿಯೋ ಗಾಡಿಗೆ ದಪ್ಪನ್ನ ಎಣ್ಣೀನ ಬೇಕ್ರಿ ಮಾಮಾ. ಇಪ್ಪತ್ತು-ಐವತ್ತು ಹಾಕ್ರಿ,” ಎಂದ ಬಸು.

“ಲೇ ಬಸ್ಯಾ, ಅದೇನ ನಿನ್ನ ಟಿಪ್ಪರ್ ಏನ? ಅದರ ಒಳಗಿನ ಸಂದಿ ಕೂದಲಿನಷ್ಟ. ಚಾಲೂ ಮಾಡಿದ ಕೂಡ್ಲೇ ಎಣ್ಣಿ ಮ್ಯಾಲ ಏರಬೇಕ. ಐದು-ನಲವತ್ತು! ಮೊದಲ್ನೇ ನಂಬರ್ ತಣ್ಣಗಿದ್ದಾಗಿಂದು, ಎರಡನೇದು ಕಾದಾಗಿಂದು. ಕಾದಾಗ ಅದೂ ತಡಿತೈತಿ.”

“ನೀರಿನಂಗ ಐತಿ ನಿಮ್ಮ ಎಣ್ಣಿ. ಬಾಬನ ತಲಿಗೆ ತಟ್ರಿ, ತಂಪಾಗತಾನ.”

ಇಬ್ಬರೂ ನಕ್ಕಿರಿ. ನಾನು ನಗಲಿಲ್ಲ.

ಗಾಣದ ಕುಸುಬಿ ಎಣ್ಣೆಯನ್ನು ಬೆರಳಿನಿಂದ ಎತ್ತಿ ನೋಡಿ ಕೊಳ್ಳುವವಳು ನಾನು. ದಾರದ ಹಾಗೆ ಇಳಿದರೆ ಚೊಕ್ಕ, ತಟತಟ ಉದುರಿದರೆ ಕಲಬೆರಕೆ. ಮರುದಿನ ನೀವು ಬಾಬನ ದುಡ್ಡಿನಲ್ಲಿ ತಂದ ತೆಳು ಎಣ್ಣೆಯ ಡಬ್ಬಿಯ ಮುಚ್ಚಳ ತೆಗೆದಿಟ್ಟಾಗ ಬೆರಳು ಅದ್ದಿದೆ — ಎಣ್ಣೆ ನೀರಿನ ಹಾಗೆ ಓಡಿಹೋಯಿತು. ಅಂಗಡಿಯವನು ನಿಮಗೆ ಟೋಪಿ ಹಾಕಿದ್ದಾನೆ ಎಂದು ಗಟ್ಟಿಯಾಯಿತು ನನಗೆ. ಆದರೆ ಹೇಳುವುದು ಹೇಗೆ? ನಮ್ಮಲ್ಲಿ ಅತ್ತೆ ಅಳಿಯನ ಎದುರು ನಿಂತು ಮಾತಾಡುವುದಿಲ್ಲ. ಬಾಗಿಲ ಮರೆಯಿಂದ ಮಗಳಿಗೆ ಹೇಳಬೇಕು, ಮಗಳು ನಿಮಗೆ ಹೇಳಬೇಕು. ನಿನ್ನ ಗಂಡ ಮೋಸ ಹೋಗಿದ್ದಾನೆ ಎಂದು ರೇಣುಕಾಳ ಬಾಯಲ್ಲಿ ಹೇಳಿಸಲೇ?

ಅಷ್ಟರಲ್ಲಿ ನೀವೇ ಅವಳಿಗೆ ಹೇಳಿದಿರಿ: “ಅತ್ತಿಯಾರಿಗೆ ಆ ಎಣ್ಣಿ ಸುರೀಯಾಕ ಹೇಳು, ನಾ ಪ್ಲಗ್ ತರತೇನಿ.” ಆಗಾಗ ಸುರಿಯುತ್ತಿದ್ದೆನಲ್ಲ. ಬಸುವಿನ ಟಿಪ್ಪರಿನ ದಪ್ಪ ಎಣ್ಣೆಯನ್ನು ಸುರಿದೆ. ನಿಮ್ಮ ಡಬ್ಬಿಯನ್ನು ಮಂಚದ ಕೆಳಗೆ ತಳ್ಳಿದೆ. ನೀವು ಬಂದು ಕಡ್ಡಿ ಅದ್ದಿ, ಎಣ್ಣೆಯ ಮಟ್ಟ ನೋಡಿ, ಬಾನೆಟ್ ಮುಚ್ಚಿದಿರಿ. ನಿಮ್ಮನ್ನು ಉಳಿಸಿದೆ ಎಂದುಕೊಂಡೆ.

ಮುಂದಿನ ರೇಸಿನಲ್ಲಿ ಇಂಜಿನ್ನು ಹಿಡಿದು ನಿಂತುಬಿಟ್ಟಿತು. ಬೇರೆ ಕಡೆ ಬಿಚ್ಚಿಸಿದ ಬಾಬ ಡೊಂಗರಿನ ಮಂದಿಯ ಎದುರು ಬಂದು ಕೂಗಿದ: “ಟಿಪ್ಪರ್ ಕಾ ತೇಲ್ ಡಾಲಾ! ಮೇರಾ ಡಬ್ಬಾ ದಿಖಾ!” ಟಿಪ್ಪರ್ ಎಣ್ಣೆ ಹಾಕಿದ್ದೀರಂತೆ, ಅವನ ಡಬ್ಬಿ ತೋರಿಸಬೇಕಂತೆ. ನೀವು ಶೆಡ್ಡಿನ ತುಂಬ ಹುಡುಕಿದಿರಿ. ಸಿಗಲಿಲ್ಲ. ಒಮ್ಮೆ ಅಡುಗೆಮನೆಯ ಕಡೆ ನೋಡಿದಿರಿ, ಆಮೇಲೆ ಅಂದಿರಿ: “ನಾನಽ ಹಾಕೀನ್ರಿ.” ಎಣ್ಣೆ ಕದ್ದು ಮಾರಿದ ಕಳ್ಳ ಎಂದ ಅವನು. ನಾನು ಒಳಗಿನಿಂದ ಡಬ್ಬಿ ತಂದು ಇಡಬಹುದಿತ್ತು. ತರಲಿಲ್ಲ.

ಅವತ್ತು ಸಂಜೆ ರೇಣುಕಾ ಕೇಳಿದಳು: “ಅವ್ವಾ, ಖರೇ ಹೇಳು, ಯಾವ ಡಬ್ಬಿ ಸುರದಿ?”

“ನಂಗೇನ ಇಂಗ್ಲಿಷ್ ಓದಾಕ ಬರತೈತೇನ? ಮುಂದ ಇಟ್ಟಿದ್ದನ್ನ ಸುರದೆ.”

ಆ ಮಾತೇ ನಿಮ್ಮನ್ನು ಕೊಂದದ್ದು: ತಪ್ಪು ಡಬ್ಬಿ ಮುಂದಿಟ್ಟವರು ನೀವೇ ಎಂದಾಯಿತು. ಹೊರಗೆ ಕಳ್ಳ ಎಂಬ ಹೆಸರು ಬೇರೆ. ಕಳ್ಳನ ಕೈಗೆ ಯಾರು ಕಾರು ಕೊಡುತ್ತಾರೆ? ಬಸು ಕೂಡ ನಿಮ್ಮನ್ನು ನಂಬಲಿಲ್ಲ. ನೀವು ವಾಳಪೈಗೆ ಹೋದಿರಿ, ಪಂಕ್ಚರ್ ಅಂಗಡಿ ಇಟ್ಟಿರಿ. ಬಾನೆಟ್ ತೆಗೆಯಿರಿ ಎಂದು ಯಾರಾದರೂ ಬಂದರೆ ಬೇರೆಯವರ ಕಡೆ ಕಳಿಸುತ್ತೀರಂತೆ. ನನ್ನ ಕೈ ಮೇಲೆ ನನಗೇ ಭರವಸೆ ಇಲ್ಲ ಎನ್ನುತ್ತೀರಂತೆ. ರೇಣುಕಾ ಇದನ್ನು ಹೇಳಿದ ದಿನದಿಂದ ನನಗೆ ಊಟ ಸೇರುವುದಿಲ್ಲ.

ಇನ್ನೊಂದಿದೆ — ಅದೇ ನನಗೆ ಬಗೆಹರಿಯದ್ದು. ಇಂಜಿನ್ನು ಕೆಟ್ಟದ್ದು ನನ್ನ ಎಣ್ಣೆಯಿಂದಲೇ? ಯಾರ ಮಾತು ಎಂದು ಹೇಳದೆ ಮಂದಿಯನ್ನು ಕೇಳುತ್ತ ಬಂದೆ. ಟಿಪ್ಪರ್ ಡ್ರೈವರ್ ಒಬ್ಬ, ದಪ್ಪ ಎಣ್ಣೆಯೇ ಸರಿ ಎಂದ. ಕೊರ್ಲಿಮ್‌ನ ಕಾರ್ಖಾನೆಯಲ್ಲಿ ಯಂತ್ರ ನೋಡುವವನು, ದಪ್ಪ ಎಣ್ಣೆ ಮೇಲೇರುವ ಮೊದಲೇ ತಣ್ಣಗಿನ ಇಂಜಿನ್ನನ್ನು ಜೋರಾಗಿ ಓಡಿಸಿದರೆ ಹೋಗಿಯೇ ಹೋಗುತ್ತದೆ ಎಂದ. ಮತ್ತೆ ಅವನೇ, ಕಾಯಿಸಿ ಓಡಿಸಿದ್ದರೆ ಏನೂ ಆಗುತ್ತಿರಲಿಲ್ಲ ಎಂದ. ಹಾಗಾದರೆ ತಪ್ಪು ಬಾಬನದೇ? ನಿಮ್ಮ ತೆಳು ಎಣ್ಣೆ ಇದ್ದರೂ ಹೀಗೇ ಆಗುತ್ತಿತ್ತೇ? ದಪ್ಪ ಎಣ್ಣೆಯೇ ಒಳ್ಳೆಯದೆಂದರೆ ನಿಮ್ಮ ಮಾತೇ ತಪ್ಪೇ — ಇಲ್ಲ, ಇಲ್ಲ. ತಲೆ ಕೆಡುತ್ತದೆ. ಒಂದು ಮನಸ್ಸು, ನಿನ್ನ ತಪ್ಪಲ್ಲ, ಬಿಟ್ಟುಬಿಡು ಎನ್ನುತ್ತದೆ. ಯಾಕೆ ಬಿಡಬೇಕು?

ಎಣ್ಣೆಯ ಮಾತು ನನಗೆ ಇನ್ನೂ ತಿಳಿದಿಲ್ಲ, ಸಾಯುವವರೆಗೆ ತಿಳಿಯಲಿಕ್ಕಿಲ್ಲ. ನೀವು ಕದಿಯಲಿಲ್ಲ, ನಿಮ್ಮ ಕೈ ತಪ್ಪಲಿಲ್ಲ — ಇದು ತಿಳಿದಿತ್ತು. ತಿಳಿದೂ ಸುಮ್ಮನಿದ್ದೆ.

ನಿನ್ನೆ ಬಸುವಿಗೆ ಹೇಳಿದೆ. ಅವನು ನನ್ನ ಜೊತೆ ಮಾತು ಬಿಟ್ಟಿದ್ದಾನೆ, ಬಿಡಲಿ. ಇವತ್ತು ಬಾಬನ ಮನೆಗೆ ಹೋಗುತ್ತೇನೆ. ಅವನು ಒಳಗೆ ಕರೆಯದಿದ್ದರೆ ರಸ್ತೆಯಲ್ಲೇ ನಿಂತು, ಅವನು ಅವತ್ತು ಕೂಗಿದಷ್ಟೇ ದೊಡ್ಡದಾಗಿ ಹೇಳುತ್ತೇನೆ.