ವೈನಿಯ ಮನೆಯ ಹಾಡು ನಿಂತಾಗ

ಹೋದ ವಾರ ಪವಾಯಿಯ ಒಂದು ಫ್ಲ್ಯಾಟಿಗೆ ರಿಪೇರಿಗೆಂದು ಹೋಗಿದ್ದೆ. ಹಳೇ ಡೆಸ್ಕ್‌ಟಾಪ್, ಆವಾಜ್ ಬರುತ್ತಿಲ್ಲ ಅಂತ ಕಂಪ್ಲೇಂಟು. ಕ್ಯಾಬಿನೆಟ್ ಬಿಚ್ಚಿದ್ದೇ ತಡ, ಬಿಸಿ ಧೂಳಿನ ಜೊತೆ ಒಗ್ಗರಣೆಯ ಜಿಡ್ಡು ವಾಸನೆ ಮೂಗಿಗೆ ಹೊಡೆಯಿತು. ಒಲೆ ಪಕ್ಕ ಇಟ್ಟ ಕಂಪ್ಯೂಟರುಗಳೆಲ್ಲ ಹೀಗೇ ನಾರುತ್ತವೆ. ಆ ಮನೆಯವರು ತಂದಿಟ್ಟ ಚಹಾ ಹಾಗೇ ಆರಿಹೋಯಿತು. ವೈನಿ ನೆನಪಾಗಿದ್ದಳು...

ಮಲಾಡಿನ ಚಾಳಿನಲ್ಲಿ ನಮ್ಮ ಖೋಲಿಗೂ ಅವಳ ಖೋಲಿಗೂ ನಡುವೆ ಒಂದೇ ಗೋಡೆ. ವಿಜಯಪುರದ ಕಡೆಯವಳು. ನಾವೂ ಅದೇ ಸೀಮೆಯವರು, ಹೀಗಾಗಿ ಅವಳು ಬಂದಿಳಿದ ದಿನವೇ ಅವ್ವ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟು ಬಂದಳು, ನನಗೆ ಅವಳು ವೈನಿ, ಅಂದರೆ ಅತ್ತಿಗೆ, ಆದಳು. ಬಾಯಿ ಅಂದರೆ ಬಾಯಿ ಅವಳದು. ಗ್ಯಾಲರಿಯಲ್ಲಿ ಕೂತು ಬಳ್ಳೊಳ್ಳಿ ಸುಲಿಯುತ್ತಾ ನಲ್ಲಿಯ ಜಗಳಗಳಿಗೆ ತೀರ್ಪು ಕೊಡುತ್ತಿದ್ದಳು. ನಾನು ಆಗ ಸ್ಟೇಷನ್ ಹತ್ತಿರದ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಅವ್ವ ನನ್ನ ಲಗ್ನದ ಸುದ್ದಿ ತೆಗೆದರೆ ಸಾಕು, "ಇಕಿಗೆ ಗಂಡ ಯಾಕ ಬೇಕ್ರೆವಾ? ಕೈಯಾಗ ಸ್ಕ್ರೂಡ್ರೈವರ್ ಕೊಟ್ಟು ಅಕ್ಕಿಕಾಳ ಹಾಕಿಬಿಡ್ರಿ" ಎನ್ನುತ್ತಿದ್ದಳು.

ಅವಳ ಗಂಡ ರಸ್ತೆ ಬದಿ ಟೇಬಲ್ ಹಾಕಿಕೊಂಡು ಮೊಬೈಲಿನ ಕಾರ್ಡುಗಳಿಗೆ ಹಾಡು ತುಂಬಿಕೊಡುತ್ತಿದ್ದ. ಹಾಡೆಲ್ಲ ಮನೆಯ ಕಂಪ್ಯೂಟರಿನಲ್ಲಿ. ಅದಕ್ಕೆ ಎರಡು ಸ್ಪೀಕರು, ಕೆಳಗೊಂದು ದೊಡ್ಡ ವೂಫರು. ಸಂಜೆ ಬಂದು ಬಾಗಿಲು ಹಾಕಿಕೊಂಡು ಹಾಡು ಹಚ್ಚಿದನೆಂದರೆ ನಮ್ಮ ಗೋಡೆಯ ಕ್ಯಾಲೆಂಡರು ತಾನೇ ಕುಣಿಯುತ್ತಿತ್ತು. ಚಾಳಿನ ಹೆಂಗಸರಿಗೆ ಅದೊಂದು ಚೇಷ್ಟೆ. "ಏನ್ ರಸಿಕ ಇದ್ದಾನವಾ ನಿನ್ನ ಗಂಡ!" ಅಂತ ನಲ್ಲಿಯ ಹತ್ತಿರ ಕೆಣಕುತ್ತಿದ್ದರು. ಹಾಡು ಕೇಳುವ ಗಂಡ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಅಂತ ನಮ್ಮವ್ವನೂ ಅಂದಿದ್ದುಂಟು. ವೈನಿ ನಗುತ್ತಿದ್ದಳು. ನಗುತ್ತಿದ್ದಳು ಅಂದರೆ, ಹಲ್ಲು ಕಾಣುತ್ತಿತ್ತು, ಅಷ್ಟೇ.

ಚಾಳಿಗೆ ಒಂದು ರಿವಾಜಿತ್ತು. ಕಳ್ಳ ಬರಲಿ, ಸಿಲಿಂಡರಿಗೆ ಬೆಂಕಿ ಹತ್ತಲಿ, ಯಾರ ಮನೆಯ ಹೆಣ್ಣುಮಗಳೇ ಕಿರುಚಲಿ, ಕೇಳಿದವರು ಗ್ಯಾಲರಿಗೆ ಬಂದು ಲಟ್ಟಣಿಗೆಯಿಂದ ಸ್ಟೀಲಿನ ತಾಟು ಬಾರಿಸಬೇಕು. ಒಂದು ತಾಟು ಸದ್ದಾಯಿತೆಂದರೆ ಉಳಿದವರೆಲ್ಲ ಒಲೆ ಆರಿಸಿ, ಕೈಗೆ ಸಿಕ್ಕಿದ್ದು ಹಿಡಿದು ಹೊರಗೆ. ಮೂಲೆಯ ಖೋಲಿಯ ಮರಾಠಿ ಮಾವಶಿ ಮಾಡಿದ ಕಾಯಿದೆ ಅದು. ಅದರ ಹೆದರಿಕೆಗೇ ಎಷ್ಟೋ ಗಂಡಸರ ಕೈ ಜೇಬು ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಈ ರಸಿಕನಿಗೂ ಅದು ಗೊತ್ತಿತ್ತು.

ಒಂದು ರವಿವಾರ ಮಧ್ಯಾಹ್ನ ಅವನೇ ಬಾಗಿಲಿಗೆ ಬಂದು ಕರೆದ. "ಏ ತಂಗೀ, ಬಾ ಇಲ್ಲೆ. ಈ ಡಬ್ಬಾದಾಗ ಆವಾಜೇ ಬರವಲ್ದು."

ಹೋಗಿ ನೋಡಿದರೆ ಒಂದು ಸ್ಪೀಕರಿನ ಜಾಳಿಗೆ ಒಳಕ್ಕೆ ಕುಸಿದಿತ್ತು. ಒದ್ದಿದ್ದ. ಕ್ಯಾಬಿನೆಟ್ಟಿನ ತಗಡೂ ನುಗ್ಗಾಗಿತ್ತು. ವೈನಿ ಒಲೆಯ ಮುಂದೆ ನನಗೆ ಬೆನ್ನು ಕೊಟ್ಟು ಚಪಾತಿ ಲಟ್ಟಿಸುತ್ತಿದ್ದಳು. ಬಾ ಅನ್ನಲಿಲ್ಲ, ಕೂಡು ಅನ್ನಲಿಲ್ಲ. ಅವನು ನನ್ನ ತಲೆಯ ಮೇಲೇ ನಿಂತು, ಯಾರಾದರೂ ಮುಟ್ಟಿದ್ದು ಗೊತ್ತಾದರೆ ಕೈ ಕಡಿದು ಹಾಕುತ್ತೇನೆ ಎನ್ನುತ್ತಿದ್ದ. ಅಂದದ್ದು ನನಗಲ್ಲ.

ನಾನು ಕಲಿತ ಕ್ರಮದಲ್ಲೇ ಹೊರಟೆ. ಪರದೆಯ ಮೂಲೆಯ ಸ್ಪೀಕರ್ ಗುರುತು ನೋಡಿದೆ, ಮ್ಯೂಟ್ ಆಗಿರಲಿಲ್ಲ, ವಾಲ್ಯೂಮ್ ತುದಿಯವರೆಗೆ ಇತ್ತು. ಡ್ರೈವರ್ ನೆಟ್ಟಗಿತ್ತು. ಸ್ಪೀಕರಿನ ದೀಪ ಉರಿಯುತ್ತಿತ್ತು. ಅದರ ವೈರು ಎಳೆದು ಪಿನ್ನಿನ ತುದಿಗೆ ಬೆರಳು ಮುಟ್ಟಿಸಿದೆ, ವೂಫರು ಗುಂಯ್ ಅಂತು. ಸ್ಪೀಕರಿಗೆ ಜೀವ ಇದೆ ಅಂತಾಯಿತು. ಪಿನ್ನು ತಿರುಗಿ ಹಿಂದಿನ ಹಸಿರು ತೂತಿಗೆ ಹಾಕಿದರೆ ಅರ್ಧಕ್ಕೇ ನಿಂತಿತು. ಒತ್ತಿದೆ. ಇಲ್ಲ. ಟಾರ್ಚ್ ಬಿಟ್ಟು, ಕುಪ್ಪಸಕ್ಕಿದ್ದ ಸೇಫ್ಟಿ ಪಿನ್ ತೆಗೆದು ಕೆದಕಿದೆ. ಬಿಳೀ ಚೂರೊಂದು ಉದುರಿ ಅಂಗೈಗೆ ಬಿತ್ತು.

ಚಪಾತಿ ಹಿಟ್ಟು. ಒತ್ತಿ ಒತ್ತಿ ತುಂಬಿ, ಒಣಗಿ ಕಲ್ಲಾಗಿತ್ತು.

ಒಲೆಯ ಕಡೆ ನೋಡಿದೆ. ಲಟ್ಟಣಿಗೆ ನಿಂತಿತ್ತು. ವೈನಿ ತಿರುಗಲಿಲ್ಲ. ಸೆರಗು ಜಾರಿದಲ್ಲಿ ಬೆನ್ನು ಕಂಡಿತು. ತೆಳ್ಳಗಿನ ಉದ್ದನೆಯ ಬರೆಗಳು, ಒಂದರ ಮೇಲೊಂದು, ಕೆಲವು ಹಸಿ, ಕೆಲವು ಕಪ್ಪಿಟ್ಟವು. ಮೇಜಿನ ಮೇಲಿದ್ದ ಮೌಸಿನ ವೈರು ನೋಡಿದೆ. ಅಷ್ಟೇ ತೆಳ್ಳಗಿತ್ತು... ಅಯ್ಯೋ, ಗೋಡೆ ನಡುಗಿದ ಪ್ರತಿ ಸಂಜೆ ಇದೇ ನಡೆದಿತ್ತಾ? ಇವಳ ಕಿರುಚಾಟದ ಮೇಲೆ ಹಾಡು ಹೊದೆಸಿ, ನಮ್ಮಿಂದ ರಸಿಕ ಅನ್ನಿಸಿಕೊಂಡಿದ್ದನಾ ಈ ಹಲ್ಕಟ್? ಕೈಯಲ್ಲಿದ್ದ ಸ್ಕ್ರೂಡ್ರೈವರ್ ಅವನ ತೊಡೆಗೆ ಇಳಿಸಬೇಕು ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ.

"ಏನಾತು?" ಅಂದ.

ಹಿಟ್ಟಿನ ಚೂರು ಮುಷ್ಟಿಯಲ್ಲಿ ಮುಚ್ಚಿದೆ. "ಅಣ್ಣಾರ, ಬೋರ್ಡಿನ್ಯಾಗಿನ ಆವಾಜಿನ ಚಿಪ್ ಸುಟ್ಟೈತ್ರಿ. ಹಳೇ ಬೋರ್ಡ್, ಸಾಮಾನ ಸಿಗೂದಿಲ್ಲ" ಅಂದೆ.

ಅವನು ಕ್ಯಾಬಿನೆಟ್ಟಿಗೆ ಮತ್ತೊಮ್ಮೆ ಒದ್ದ. ಒಲೆಯ ಹತ್ತಿರ ಲಟ್ಟಣಿಗೆ ಮತ್ತೆ ಉರುಳತೊಡಗಿತು.

ಮರುದಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ವೈನಿಯನ್ನು ಹಿಡಿದು ನಿಲ್ಲಿಸಿದೆ. ಈಗಿಂದೀಗ ತಾಟು ಬಾರಿಸುತ್ತೇನೆ ಅಂದೆ. ಅವಳು ನನ್ನ ಮಣಿಕಟ್ಟು ಒತ್ತಿ ಹಿಡಿದಳು.

"ಹೇಳಿದ್ರ ಯಾರ ನಂಬ್ತಾರ, ತಂಗಿ? ಎಲ್ಲಾರೂ ರಸಿಕ ಅಂತಾರ. ನಾಕ ಮಂದಿ ತಮ್ಮ ಕಿವೀಲೆ ಕೇಳ್ಲಿ. ಆಮ್ಯಾಲ ನಾ ಎದಿ ಎತ್ತಿ ಹೊರಗ ಬರ್ತೀನಿ."

ನನಗೆ ಸಮಾಧಾನ ಆಗಲಿಲ್ಲ. ಮಾವಶಿಯ ಕಿವಿಯಲ್ಲಿ ಹಾಕಿದೆ. ಮಾವಶಿ ಎಲೆಅಡಿಕೆ ಉಗುಳಿ, ಆ ಗೋಡೆಗೆ ಕಿವಿ ಕೊಟ್ಟುಕೊಂಡೇ ಇರು ಅಂದಳು. ಅವ್ವನಿಗೆ ಹೇಳಿದಾಗ ಅವಳು ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡಳು.

ಒಂದೆರಡು ಸಂಜೆ ಆ ಮನೆಯಲ್ಲಿ ಹಾಡೂ ಇಲ್ಲ, ಚೀರಾಟವೂ ಇಲ್ಲ. ಹಾಡಿಲ್ಲದೆ ಇವನ ಕೈ ಏಳುವುದಿಲ್ಲ, ಹೇಡಿ, ಅಂತ ನಾವು ಅಂದುಕೊಂಡೆವು. ಆದರೆ ಅವನು ಬೇರೆ ದಾರಿ ಹುಡುಕುತ್ತಿದ್ದ. ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ಮಾವಶಿ ನಮ್ಮ ಹೊಸ್ತಿಲಿಗೆ ಬಂದು ಕೂಡುತ್ತಿದ್ದಳು. ಆ ಸಂಜೆಯೂ ಕೂತಿದ್ದಳು. ಪಕ್ಕದ ಬಾಗಿಲು ಮುಚ್ಚಿತು. ನಾನು ಗೋಡೆಗೆ ಕಿವಿ ಹಚ್ಚಿದೆ. ಏನೋ ದಪ್ ಅಂತು, ಚೀಲ ಕೆಡವಿದ ಹಾಗೆ. ಮತ್ತೆ ದಪ್. ದನಿ ಮಾತ್ರ ಇಲ್ಲ. ಗೋಡೆಯ ಆ ಕಡೆ ಯಾರೋ ಮೂಗಿನಲ್ಲಿ ಉಸಿರು ಎಳೆಯುತ್ತಿದ್ದರು...

ಆಮೇಲೆ ತಾಟುಗಳು ಬಿದ್ದವು. ಒಂದಲ್ಲ ಎರಡಲ್ಲ, ಪಾತ್ರೆ ಜೋಡಿಸಿಡುವ ಇಡೀ ಸ್ಟ್ಯಾಂಡೇ ನೆಲಕ್ಕೆ ಬಿದ್ದು ತಾಟು, ಪರಾತ, ಹರಿವಾಣ ಎಲ್ಲ ಉರುಳಾಡಿದ ಸದ್ದು. ನಾನು ನಮ್ಮ ತಾಟು ಎಳೆದುಕೊಂಡು ಗ್ಯಾಲರಿಗೆ ಓಡಿ ಬಾರಿಸಿದೆ. ಕೆಳಗಿನ ಮಾಳಿಗೆಯಿಂದ ಇನ್ನೊಂದು ತಾಟು, ಎದುರು ಸಾಲಿನಿಂದ ಮತ್ತೊಂದು. ಮಾವಶಿ ನಮ್ಮ ರುಬ್ಬುವ ಗುಂಡು ಎತ್ತಿ ಅವನ ಬಾಗಿಲಿನ ಚಿಲಕ ಇರುವಲ್ಲಿಗೆ ಹೊಡೆದಳು. ಮೂರನೇ ಏಟಿಗೆ ಬಾಗಿಲು ಬಾಯಿ ಬಿಟ್ಟಿತು.

ಒಳಗೆ ವೈನಿ ನೆಲದ ಮೇಲಿದ್ದಳು. ಬಾಯಿಗೆ ದಿಂಬಿನ ಕವರು ತುರುಕಿ, ಕೈಗಳನ್ನು ಸ್ಪೀಕರಿನ ವೈರಿನಿಂದ ಹಿಂದಕ್ಕೆ ಕಟ್ಟಿದ್ದ. ಒಂದು ಕಣ್ಣು ಮುಚ್ಚಿಹೋಗಿತ್ತು, ಕಿವಿಯಿಂದ ರಕ್ತ ಇಳಿದು ಕೊರಳ ಸರಕ್ಕೆ ಹತ್ತಿತ್ತು. ಕಾಲು ಮಾತ್ರ ಬಿಟ್ಟಿದ್ದ, ಮೂರ್ಖ. ಆ ಕಾಲಿನಿಂದಲೇ ಸ್ಟ್ಯಾಂಡ್ ಒದ್ದು ಕೆಡವಿದ್ದಳು. ಒಡೆದ ಗಾಜಿನ ಭರಣಿಯ ಚೂರು ಅವಳ ಪಾದದಲ್ಲಿ ಮುರಿದು ನಿಂತಿತ್ತು, ಆದರೂ ಇನ್ನೂ ಒದೆಯುತ್ತಿದ್ದಳು.

ಅವನಿಗೆ ಆದದ್ದನ್ನು ನಾನು ಮೆತ್ತಗೆ ಹೇಳುವುದಿಲ್ಲ. ಲಟ್ಟಣಿಗೆ, ಸೌಟು, ಚಪ್ಪಲಿ, ಪೊರಕೆ. ಇಕ್ಕಳ ತಂದವರೂ ಇದ್ದರು. ನಮ್ಮವ್ವ, ಇರುವೆ ಕಂಡರೂ ದಾಟಿ ಹೋಗುವವಳು, ಅವನ ಕೂದಲು ಹಿಡಿದು ಹಣೆಯನ್ನು ಒಲೆಯ ಕಟ್ಟೆಗೆ ಜಜ್ಜಿದಳು. ನಾನು ಆ ವೂಫರನ್ನೇ ಎತ್ತಿ ಅವನ ಮೊಳಕಾಲ ಮೇಲೆ ಹಾಕಿದೆ. ಲಟ್ ಅಂದದ್ದು ನನಗೆ ಸ್ಪಷ್ಟ ಕೇಳಿಸಿತು. ಅದಕ್ಕಾಗಿ ಇವತ್ತಿಗೂ ನನಗೆ ಎಳ್ಳಷ್ಟೂ ಬೇಸರವಿಲ್ಲ. ಪೊಲೀಸರು ಬಂದಾಗ ಅವನು ಕುಂಟುತ್ತಾ ತಾನಾಗಿಯೇ ಜೀಪು ಹತ್ತಿದ, ಅಷ್ಟು ಅವಸರ ಇತ್ತು ಅವನಿಗೆ ನಮ್ಮಿಂದ ತಪ್ಪಿಸಿಕೊಳ್ಳಲು.

ವೈನಿಯ ಬಾಯಿಂದ ಬಟ್ಟೆ ಎಳೆದದ್ದು ನಾನು. ಬಟ್ಟೆಯ ಜೊತೆ ಒಂದು ಹಲ್ಲೂ ಬಂತು. ಅವಳು ರಕ್ತ ಉಗುಳಿ, ಸುತ್ತ ನಿಂತ ಒಬ್ಬೊಬ್ಬರ ಮುಖ ನೋಡಿದಳು.

"ಕೇಳಿಸ್ತೇನ್ರೆವಾ ನಿಮಗ?" ಅಂದಳು.

ಮಾವಶಿ ಒಬ್ಬಳೇ ಅವಳನ್ನು ತಬ್ಬಿಕೊಂಡು, "ಐಕಲಂ ಗ ಬಾಯಿ, ಐಕಲಂ", ಕೇಳಿಸಿತು ತಾಯಿ, ಕೇಳಿಸಿತು ಎನ್ನುತ್ತಾ ಅತ್ತಳು.

ಆಸ್ಪತ್ರೆಯಿಂದ ಬಂದಮೇಲೆ ವೈನಿ ಮಲಾಡಿನಲ್ಲಿ ನಿಲ್ಲಲಿಲ್ಲ, ಊರಲ್ಲಿದ್ದ ತನ್ನ ತಂಗಿಯ ಮನೆ ಸೇರಿದಳು. ಅಲ್ಲಿ ಖಾನಾವಳಿಗೆ ರೊಟ್ಟಿ ಬಡಿದು ಕೊಡುತ್ತಿದ್ದಳು. ಮೊದಮೊದಲು ಫೋನು ಮಾಡಿ, ಸ್ಕ್ರೂಡ್ರೈವರ್ ಜೊತೆ ಸಂಸಾರ ಹೆಂಗ ನಡದೈತಿ ಅಂತ ಕಾಡಿಸುತ್ತಿದ್ದಳು. ಆಮೇಲೆ ಚಾಳು ಕೆಡವಿದರು, ಮಾವಶಿ ಹೋದಳು, ಅವ್ವನೂ ಹೋದಳು, ನಾನು ಬಿಲ್ಡಿಂಗಿನ ಫ್ಲ್ಯಾಟಿಗೆ ಬಂದೆ. ಫೋನು ಅಪರೂಪವಾಯಿತು...

ಪವಾಯಿಯಿಂದ ಮನೆಗೆ ಬಂದವಳೇ ಆ ತಂಗಿಯ ನಂಬರು ಹುಡುಕಿ ಹಚ್ಚಿದೆ. ವೈನಿಗೆ ಕೊಡವಾ ಅಂದೆ. ಅಕ್ಕ ಹೋಗಿ ಎರಡು ತಿಂಗಳಾಯಿತು, ಜ್ವರ ನೆತ್ತಿಗೇರಿತ್ತು ಅಂದಳು. ನಮ್ಮ ಕಡೆ ಹೆಣ ಇಟ್ಟ ಮನೆಗೆ ಭಜನಾ ಮೇಳದವರು ಕರೆಯದಿದ್ದರೂ ಬರುತ್ತಾರೆ, ಮಣ್ಣು ಕೊಡುವ ತನಕ ಹಾಡುತ್ತಾರೆ. ಬಂದಿದ್ದರಂತೆ. ತಂಗಿ ಕೈಮುಗಿದು ಹಿಂದಕ್ಕೆ ಕಳಿಸಿದಳಂತೆ, ಊರಿನವರು ಬೈದರಂತೆ.

"ಅಕ್ಕ ಮೊದಲ ಹೇಳಿಟ್ಟಿದ್ಲ್ರೀ. ನಾ ಸತ್ತಾಗ ಭಜನಿ ಹಚ್ಚಬ್ಯಾಡ್ರಿ, ಅಳಾವ್ರ ದನಿ ಮುಚ್ಚಿ ಹೋಗ್ತೈತಿ ಅಂತ."

ಫೋನಿಟ್ಟೆ. ಟಿವಿ ಆರಿಸಿದೆ. ಫ್ಲ್ಯಾಟಿನ ಬಾಗಿಲು ಪೂರ್ತಿ ತೆಗೆದು, ಹೊಸ್ತಿಲಲ್ಲಿ ಕೂತು, ನಮ್ಮೂರ ಹೆಂಗಸರು ಅಳುವ ಹಾಗೆ ಗಂಟಲು ಬಿಟ್ಟು ಅತ್ತೆ. ನಮ್ಮ ಮಾಳಿಗೆಯಲ್ಲಿ ಇನ್ನೂ ಮೂರು ಬಾಗಿಲುಗಳಿವೆ. ಒಂದೂ ತೆರೆಯಲಿಲ್ಲ.