ಪರದೇಶದ ಕಣಿವೆ, ಸವಣೂರಿನ ಗೋಡೆ

ಖಾಲಿ ಗೋಡೆ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಹಾನಗಲ್ಲಿನ ಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತನಾದ ಮೇಲೂ ಈ ಚಾಳಿ ಬಿಟ್ಟಿಲ್ಲ. ಬೀಗರ ಮನೆಗೆ ಹೋದರೂ ಕುಶಲ ವಿಚಾರಿಸುವ ಮೊದಲು ಮೊಳೆ ಹೊಡೆಯುವ ಜಾಗ ಹುಡುಕುತ್ತೇನೆ. ಹೀಗಿರುವಾಗ, ಸವಣೂರಿನಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಗೆಳೆಯ ದಸ್ತಗೀರಸಾಬರ ತಾಯಿ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಾಗ, ಅವರ ಎದುರಿನ ಬೋಳು ಗೋಡೆ ಅವರಿಗಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದರಲ್ಲಿ ಆಶ್ಚರ್ಯವೇನಿದೆ, ನೀವೇ ಹೇಳಿ. ದುಂಡಸಿಯ ಹೊಲಗಳಲ್ಲಿ ಬೆಳೆದ ಆ ಹಿರಿಯ ಜೀವ ಕೇಳಿದ್ದಾದರೂ ಇಷ್ಟೇ: "ಒಂದೀಟ ಹಸರು ನೋಡಬೇಕನಸ್ತೈತ್ರಿ, ಮಾಸ್ತರ."

ನಾನು ಒಯ್ದದ್ದು ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಭೂದೃಶ್ಯವೊಂದರ ದೊಡ್ಡ ಮುದ್ರಿತ ಪ್ರತಿ. ಆ ಕಾಲದ ಅಲ್ಲಿನ ಅನೇಕ ಚಿತ್ರಕಾರರಿಗೆ ಕಾಡೇ ದೇವಾಲಯ, ಬೆಟ್ಟವೇ ಧರ್ಮಗ್ರಂಥ. ಮೋಡ ಸೀಳಿ ಕಣಿವೆಗೆ ಇಳಿಯುವ ಬೆಳಕು ಭಗವಂತನ ಕೃಪೆ. ಮುಂಬದಿಯ ಮುರಿದ ಮರ ನಮ್ಮ ನಶ್ವರತೆ. ಬಂಡೆಯ ಮೇಲೆ ನಮಗೆ ಬೆನ್ನು ಮಾಡಿ ನಿಂತ, ಜೋಳದ ಕಾಳಿನಷ್ಟು ಪುಟ್ಟ ಮನುಷ್ಯ ಸೃಷ್ಟಿಯ ಮುಂದೆ ವಿನೀತನಾದ ಜೀವ. ಇದನ್ನೆಲ್ಲ ಮಂಚದ ಪಕ್ಕ ನಿಂತು ಅರ್ಧ ತಾಸು ವಿವರಿಸಿದೆ. ಎದ್ದು ಹೋಗಲಾರದ ಶ್ರೋತೃ ನಿವೃತ್ತಿಯ ನಂತರ ನನಗೆ ಸಿಕ್ಕಿದ್ದು ಅದೇ ಮೊದಲು.

ದಸ್ತಗೀರಸಾಬರು ಸುತ್ತಿಗೆ ಹಿಡಿದವರು ಹಾಗೆಯೇ ನಿಂತಿದ್ದರು. "ತಪ್ಪು ತಿಳಿಬ್ಯಾಡ್ರಿ ಸರ. ನಮ್ಮವ್ವ ಇಲ್ಲೇ ಕುಂತು ನಮಾಜ್ ಮಾಡ್ತಾಳ. ಮನಶ್ಯಾರ ಚಿತ್ರ ಈ ಖೋಲ್ಯಾಗ ಹಾಕಂಗಿಲ್ರಿ" ಎಂದರು.

ಅದೆಷ್ಟು ವರ್ಷ ಅವರ ಮನೆಯ ಚಹಾ ಕುಡಿದಿದ್ದೆ! ಗೋಡೆಗಳನ್ನೇ ಅಳೆಯುತ್ತ ಕುಳಿತವನಿಗೆ, ಆ ಮನೆಯ ಗೋಡೆಯ ಮೇಲೆ ಒಂದು ಮುಖವೂ ಇಲ್ಲವೆಂಬುದು ಕಂಡಿರಲೇ ಇಲ್ಲ. ನಾಚಿಕೆಯಾಯಿತು. ಚಿತ್ರವನ್ನು ಸುತ್ತಿ ಮರಳಿ ಒಯ್ದರೆ ಆ ತಾಯಿಗೆ ಮತ್ತೆ ಅದೇ ಸುಣ್ಣದ ಗೋಡೆ. ಅವರಾಗಲೇ ಮುಖ ಪಕ್ಕಕ್ಕೆ ತಿರುಗಿಸಿಕೊಂಡಿದ್ದರು.

ಕೊನೆಗೆ ಅಂಗಡಿಯಿಂದ ಬಣ್ಣ, ಕುಂಚ ತರಿಸಿ, ಆ ಪುಟ್ಟ ಮನುಷ್ಯನ ಮೇಲೆ ಒಂದು ಹಸಿರು ಪೊದೆ ಬರೆದೆ. ನನ್ನ ಸಿದ್ಧಾಂತದ ಪ್ರಕಾರ ಇಡೀ ಚಿತ್ರದ ಭಕ್ತನನ್ನೇ ನಾನು ಹೊರಗಟ್ಟಿದ್ದೆ. ಅವನಿಲ್ಲದೆ ಅಳತೆ ತಪ್ಪಿದ ಮಹಾಪರ್ವತ ನಮ್ಮ ಹಿರೇಕೆರೂರಿನ ಕಡೆಯ ಗುಡ್ಡದಷ್ಟಾಗಿ ಕುಗ್ಗಿತು. ಅರ್ಧ ತಾಸಿನ ನನ್ನ ಪ್ರವಚನ ನೀರುಪಾಲಾಯಿತು.

"ಚಿತ್ರಾ ಕೆಡಿಸಿಬಿಟ್ನಿರಿ, ಅವ್ವಾರ. ಅದನ್ನ ನೋಡಾಂವನ ಇಲ್ಲಂಗಾತು" ಎಂದೆ.

ಮಗ ಚಿತ್ರವನ್ನು ಎದುರಿನ ಗೋಡೆಗೆ ತೂಗುಹಾಕಿ, ದಿಂಬು ಕೊಟ್ಟು ಕೂರಿಸಿದ ಮೇಲೆ ಆಕೆ ಬಹಳ ಹೊತ್ತು ಆ ಕಣಿವೆಯನ್ನು ನೋಡಿದರು.

"ಕೆಟ್ಟಿಲ್ರಿ, ಮಾಸ್ತರ. ಅಂವ ನೋಡುವಷ್ಟು ನೋಡಿ ಹ್ವಾದ. ಈಗ ನನ್ನ ಪಾಳಿ." ಆಮೇಲೆ ಮೆಲ್ಲಗೆ ಸೇರಿಸಿದರು: "ಜರಾ ಸರೀರಿ. ಬೆಳಕಿಗೆ ಅಡ್ಡ ನಿಂತೀರಿ."

ನಾನು ಸರಿದು ನಿಂತೆ.